ಇಪ್ಪತ್ತು ಗುಂಟೆ ಕಬ್ಬು

ಈ ಸಂಕ್ರಾಂತಿಗೆ ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಎರಡು ಜಲ್ಲೆ ಕರಿಕಬ್ಬು ಕೊಂಡೆ. ಎಲ್ಲಿಂದ ಬಂದಿದ್ದು ಅಂತ ಕೇಳಿದರೆ ಮಾರುವವನು ತಮಿಳುನಾಡು ಅಂದ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ನಕ್ಕಳು. ಊರಲ್ಲಿ ಚಿಕ್ಕಪ್ಪನ ಹೊಲದಲ್ಲಿ ಇಪ್ಪತ್ತು ಗುಂಟೆ ಕಬ್ಬು ಆಳೆತ್ತರ ನಿಂತಿದೆ, ನೀವು ದುಡ್ಡು ಕೊಟ್ಟು ತಂದಿದ್ದೀರಲ್ಲ ಅಂತ.

ಆದರೆ ಚಿಕ್ಕಪ್ಪನ ಕಬ್ಬನ್ನು ಕಚ್ಚಿ ನೋಡಿದವರಿಗೆ ಗೊತ್ತು. ಅದು ತಿನ್ನುವ ಕಬ್ಬಲ್ಲ. ಹಲ್ಲು ಗಟ್ಟಿ ಇದ್ದವರೂ ಎರಡು ಗಿಣ್ಣು ದಾಟುವುದು ಕಷ್ಟ. ಈ ಗಡಸುತನ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋಗಿ ನಾನು ಕಳೆದ ಎರಡು ವರ್ಷದಲ್ಲಿ ಓದಿದ್ದು, ಕೇಳಿದ್ದು, ಚಿಕ್ಕಪ್ಪನ ಜೊತೆ ಮಾಡಿಕೊಂಡ ಎಡವಟ್ಟು, ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಮ್ಮದು ಗೌರಿಬಿದನೂರು ತಾಲ್ಲೂಕು, ಉತ್ತರ ಪಿನಾಕಿನಿಗೆ ಹತ್ತಿರ. ನಂದಿ ಬೆಟ್ಟದ ಕಡೆ ಹುಟ್ಟಿ, ನಮ್ಮಲ್ಲಿ ಹಾದು, ಹಿಂದೂಪುರದ ಕಡೆ ಹೋಗುವ ಹೊಳೆ. ಈಗಿನ ಮಕ್ಕಳಿಗೆ ಅದನ್ನು ಹೊಳೆ ಅಂತ ತೋರಿಸಿದರೆ ನಂಬುವುದಿಲ್ಲ. ತಾತನ ಕಾಲದಲ್ಲಿ ಮರಳು ಕೆದಕಿದರೆ ನೀರು ಜಿನುಗುತ್ತಿತ್ತಂತೆ, ಮಧುಗಿರಿ ಪಾವಗಡದ ಕಡೆ ತಲಪರಿಗೆ ಅನ್ನುತ್ತಾರಲ್ಲ, ಅದೇ. ಆ ನೀರು ಮತ್ತು ಕಪಿಲೆ ಬಾವಿಯ ನೀರಿನಲ್ಲಿ ಕಬ್ಬು ಬೆಳೆಯುತ್ತಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಆಲೆಮನೆ ಶುರು. ನಾನು ನೋಡಿದ್ದು ಕೊನೆಕೊನೆಯ ಒಂದೆರಡು ವರ್ಷ ಮಾತ್ರ. ಕೊಬ್ಬರಿ ಗಿಟುಕಿಗೆ ದಾರ ಕಟ್ಟಿ ಕುದಿಯುವ ಪಾಕಕ್ಕೆ ಇಳಿಬಿಟ್ಟು ಕಾಯುತ್ತಾ ಕೂತಿದ್ದು ನೆನಪಿದೆ, ಮುಂದಿನದು ಏನೂ ನೆನಪಿಲ್ಲ. ಬೆಲ್ಲ ಹಿಂದೂಪುರದ ಮಂಡಿಗೆ ಹೋಗುತ್ತಿತ್ತು. ಬಾವಿ ಬತ್ತಿದವು, ಬೋರ್‌ವೆಲ್ ಬಂತು, ಅದು ಸಾವಿರ ಅಡಿ ದಾಟಿತು. ಕಬ್ಬು ಹೋಯಿತು.

ತಾತನ ಬಾಯಲ್ಲಿ ಕಬ್ಬಿಗೆ ಹೆಸರು ಇರಲಿಲ್ಲ, ನಂಬರ್ ಇತ್ತು. "ನಾನೂರ ಹತ್ತೊಂಬತ್ತು ಹಾಕಿದ್ದೆ ಆ ವರ್ಷ" ಅನ್ನುತ್ತಿದ್ದರು. ಯಾವುದೋ ಸರ್ವೆ ನಂಬರ್ ಇರಬೇಕು ಅಂದುಕೊಂಡಿದ್ದೆ. ಅದು ಸಿಒ 419. ಸಿಒ ಅಂದರೆ ಕೊಯಮತ್ತೂರು.

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನಾ ಕೇಂದ್ರ ಶುರುವಾಯಿತು. ಆಗ ನಮ್ಮ ದೇಶ ಜಾವಾದಿಂದ ಸಕ್ಕರೆ ತರಿಸಿಕೊಳ್ಳುತ್ತಿತ್ತು. ಇಲ್ಲಿನ ಹಳೆಯ ಕಬ್ಬುಗಳು, ನಮ್ಮ ಕಡೆಯ ರಸದಾಳಿ, ಪಟ್ಟಾಪಟ್ಟಿ ತರದವು, ತಿನ್ನಲು ಬಲು ರುಚಿ, ಮೆತ್ತಗೆ, ರಸಭರಿತ. ಆದರೆ ರೋಗಕ್ಕೆ ಬಾಗುತ್ತಿದ್ದವು, ನೀರು ಕಮ್ಮಿಯಾದರೆ ತಡೆಯುತ್ತಿರಲಿಲ್ಲ. ಬಾರ್ಬರ್ ಎಂಬ ಬ್ರಿಟಿಷ್ ವಿಜ್ಞಾನಿ ಮತ್ತು ಟಿ.ಎಸ್. ವೆಂಕಟರಾಮನ್ ಸೇರಿ ಒಂದು ಕೆಲಸ ಮಾಡಿದರು. ಈ ಸಿಹಿ ಕಬ್ಬನ್ನು ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ, ಯಾವ ಕೆಲಸಕ್ಕೂ ಬಾರದ, ಕಡ್ಡಿಯ ಹಾಗಿರುವ ಕಾಡು ಕಬ್ಬಿನ ಜೊತೆ ಕೂಡಿಸಿದರು. ಮದುವೆ ಮಾಡುವಾಗ ಹುಡುಗಿ ಕಡೆಯವರು ಖಂಡಿತ ಒಪ್ಪುತ್ತಿರಲಿಲ್ಲ ಅನ್ನುವಂಥ ಸಂಬಂಧ. 1918ರಲ್ಲಿ ಅದರಿಂದ ಸಿಒ 205 ಬಂತು. ಗಡಸುತನ ಇದೆ, ಬೇರು ಆಳಕ್ಕೆ ಹೋಗುತ್ತದೆ, ಸಿಹಿಯೂ ಉಳಿದಿದೆ. 1933ರಲ್ಲಿ ತಾತನ 419 ಬಂತು. ಅದೇ ವರ್ಷ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು. ಅದರ ಹಿಂದೆ ಓಡಾಡಿದವರು ಲೆಸ್ಲಿ ಕೋಲ್ಮನ್, ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆ ಕಟ್ಟಿದ ಮನುಷ್ಯ. ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದೂ ಇವರೇ.

ಹಾಗಾಗಿ ಚಿಕ್ಕಪ್ಪನ ಕಬ್ಬು ಹಲ್ಲಿಗೆ ಗಟ್ಟಿ ಅನ್ನಿಸಿದರೆ, ಅದರಲ್ಲಿರುವ ಕಾಡಿನ ರಕ್ತ ಅದು. ಈಗ ಜಗತ್ತಿನಲ್ಲಿ ಕಾರ್ಖಾನೆಗೆ ಹೋಗುವ ಕಬ್ಬಿನಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಈ ಬೆರಕೆ ಇದೆ. ಈ ಬೆರಕೆಯಿಂದ ವಿಜ್ಞಾನಿಗಳಿಗೇ ತಲೆನೋವು ಬಂದಿದ್ದು ಬೇರೆ ಕತೆ. ನಮಗೆ 46 ಕ್ರೋಮೋಸೋಮು, ಕಬ್ಬಿಗೆ ನೂರಕ್ಕೂ ಜಾಸ್ತಿ, ತಳಿಯಿಂದ ತಳಿಗೆ ಲೆಕ್ಕ ಬೇರೆ. ಇದನ್ನು ಸೂಕ್ಷ್ಮದರ್ಶಕದಲ್ಲಿ ಕೂತು ಎಣಿಸಿದವರಲ್ಲಿ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಒಬ್ಬರು, 1930ರ ದಶಕದಲ್ಲಿ, ಅದೇ ಕೊಯಮತ್ತೂರಿನಲ್ಲಿ. ಕಬ್ಬನ್ನು ಮುಸುಕಿನ ಜೋಳದ ಜೊತೆಗೂ ಕೂಡಿಸಿ ನೋಡಿದ್ದರು ಆಯಮ್ಮ. ಅಕ್ಕಿಯ ಜೀನೋಮ್, ಅಂದರೆ ಪೂರ್ತಿ ವಂಶವಾಹಿ ಬರಹ, ಓದಿ ಮುಗಿಸಿ ಎಷ್ಟೋ ವರ್ಷ ಆದ ಮೇಲೆ, 2024ರಲ್ಲಿ, ಆರ್570 ಎಂಬ ಒಂದು ತಳಿಯ ಜೀನೋಮ್ ಒಂದು ಹದಕ್ಕೆ ಬಂತು. ಅಷ್ಟು ಗೋಜಲು.

ನಂಬರಿನ ಇನ್ನೊಂದು ಗುಟ್ಟು. ಈಗ ನಮ್ಮ ಕಡೆ ಹೆಚ್ಚಾಗಿ ಇರುವುದು ಸಿಒ 86032. ಮೊದಲಿನ 86 ಅಂದರೆ 1986. ಆ ವರ್ಷ ಆರಿಸಿದ ಸಸಿ, ರೈತರ ಕೈಗೆ ಅಧಿಕೃತವಾಗಿ ಬಂದಿದ್ದು 2000ದಲ್ಲಿ. ಹದಿನಾಲ್ಕು ವರ್ಷ. ನಾವು ಒಂದು ಬೆಳೆ ಕೈಕೊಟ್ಟರೆ ಮುಂದಿನ ವರ್ಷಕ್ಕೆ ಹೊಸ ತಳಿ ಕೇಳುತ್ತೇವೆ.

ಇರಲಿ, ನಮ್ಮ ಕತೆಗೆ ಬರುತ್ತೇನೆ. ಚಿಕ್ಕಪ್ಪನಿಗೆ ಕಬ್ಬಿನ ಹುಚ್ಚು ಮತ್ತೆ ಹತ್ತಿದ್ದು ಬೆಂಗಳೂರಿನವರು ಬೆಲ್ಲಕ್ಕೆ ಕೊಡುವ ಬೆಲೆ ನೋಡಿ. ಕಪ್ಪಗಿದ್ದರೆ "ಆರ್ಗ್ಯಾನಿಕ್ಕಾ" ಅಂತ ಕೇಳಿ ಎರಡು ಪಟ್ಟು ಕೊಡುತ್ತಾರೆ. ತಾತನ ಕಾಲದಲ್ಲಿ ಕಪ್ಪು ಬೆಲ್ಲ ಅಂದರೆ ಕೆಳದರ್ಜೆ. ಬೆಳ್ಳಗೆ ಮಾಡಲು ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಿದ್ದರು, ಆಮೇಲೆ ಹೈಡ್ರೋಸ್ ಅನ್ನುವ, ಬಣ್ಣ ತಿಳಿ ಮಾಡುವ ಪುಡಿ ಬಂತು, ಬೆಲ್ಲ ಹಳದಿ ಹೊಡೆಯಿತು. ಈಗ ಜನಕ್ಕೆ ಕಪ್ಪೇ ಬೇಕು.

ಮೊದಲ ವರ್ಷ ನಾವು ಮಾಡಿದ್ದು ದೊಡ್ಡ ತಪ್ಪು. ಒಂದು ಖಾಸಗಿ ನರ್ಸರಿಯಿಂದ ಸಸಿ ತಂದೆವು. ಟ್ರೇ ನೋಡಲು ಚೆಂದ ಇತ್ತು. ಎರಡು ತಿಂಗಳಿಗೆ ಅಲ್ಲಲ್ಲಿ ಬುಡದಿಂದ ತೆಳ್ಳಗಿನ ಕಂದುಗಳು ರಾಶಿರಾಶಿ ಹುಟ್ಟಿಕೊಂಡವು, ಎಲೆ ಬಿಳುಚಿಕೊಂಡು, ಹುಲ್ಲಿನ ಪೊದೆ ತರ. ಚಿಕ್ಕಪ್ಪ ಮೊದಲು ಖುಷಿಪಟ್ಟರು, ಚೆನ್ನಾಗಿ ಕವಲೊಡೆದಿದೆ ಅಂತ. ಅದರಲ್ಲಿ ಒಂದೂ ಜಲ್ಲೆ ಆಗಲಿಲ್ಲ. ನರ್ಸರಿಯವರಿಗೆ ಫೋನ್ ಮಾಡಿದರೆ "ನಿಮ್ಮ ನೀರು ಸರಿ ಇಲ್ಲ" ಅಂದರು. ಬಿಲ್ ಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಕಿತ್ತು ಸುಟ್ಟೆವು.

ಆಮೇಲೆ ಮಂಡ್ಯಕ್ಕೆ ಹೋದೆವು. ಅಲ್ಲಿನ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ. ಕಬ್ಬಿನ ಹೆಸರಿನಲ್ಲಿ ವಿಸಿ ಅಂತ ಇದ್ದರೆ ಅದು ಅಲ್ಲಿ ಆರಿಸಿದ್ದು ಅಂತ ಅರ್ಥ. ಅಲ್ಲಿ ಸಿಕ್ಕ ವಿಜ್ಞಾನಿಯೊಬ್ಬರಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆವು. ನೋಡಿದ ತಕ್ಷಣ ರೋಗ ಯಾವುದು ಅಂತ ಹೇಳಿದರು. ಫೈಟೋಪ್ಲಾಸ್ಮಾ ಅನ್ನುವ, ಬಲು ಸಣ್ಣ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಬೀಜದ ತುಂಡಿನ ಒಳಗೇ ಕೂತು ಬರುತ್ತದೆ. ಹೊರಗಿಂದ ಏನು ಹೊಡೆದರೂ ಹೋಗುವುದಿಲ್ಲ. ಮೊದಲೇ ಮಾಡಬೇಕಾದ ಕೆಲಸ ಒಂದಿದೆ: ಬೀಜದ ತುಂಡನ್ನು 50 ಡಿಗ್ರಿ ಬಿಸಿ ನೀರಿನಲ್ಲಿ ಎರಡು ಗಂಟೆ ಇಡುವುದು. ಮೊಳೆಯುವ ಕಣ್ಣು ಸಾಯುವುದಿಲ್ಲ, ರೋಗ ಸಾಯುತ್ತದೆ. ಎರಡು ಮೂರು ಡಿಗ್ರಿ ಆಚೆ ಈಚೆ ಆದರೆ ಉಲ್ಟಾ. ಹಂಡೆಯಲ್ಲಿ ಮಾಡುತ್ತೇನೆ ಅಂತ ಹೊರಟ ಚಿಕ್ಕಪ್ಪನನ್ನು ಅವರೇ ತಡೆದರು.

ಹಿಂದೆಲ್ಲ ಎಕರೆಗೆ ಮೂರು ಟನ್ ಕಬ್ಬನ್ನು ಬರೀ ಬಿತ್ತನೆಗೆ ಕಡಿಯುತ್ತಿದ್ದರು. ನಮ್ಮ ಇಪ್ಪತ್ತು ಗುಂಟೆಗೆ ಒಂದೂವರೆ ಟನ್. ಹತ್ತಕ್ಕೆ ಒಂದರ ಲೆಕ್ಕದಲ್ಲಿ ಬೆಲ್ಲ ಅಂದರೂ 150 ಕೆಜಿ ಬೆಲ್ಲವನ್ನು ಮಣ್ಣಲ್ಲಿ ಹೂತಂತೆ. ಈಗ ಒಂದೇ ಕಣ್ಣಿನ ಚಿಕ್ಕ ತುಂಡು ಸಾಕು, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಸಸಿ ಮಾಡಿ, ಸಾಲಿಗೆ ಐದಡಿ, ಗಿಡಕ್ಕೆ ಎರಡಡಿ ಬಿಟ್ಟು ನೆಡುವುದು. ಚಿಕ್ಕಪ್ಪ ಅಲ್ಲೇ ಕೇಳಿದರು, "ಐದಡಿ ಬಿಟ್ಟು ಏನ್ ಸ್ವಾಮಿ ಮಾಡೋದು, ಗಾಡಿ ಓಡಿಸೋದಾ?" ವಿಜ್ಞಾನಿ ಹುರುಳಿಕಾಯಿ ಹಾಕಿ ಅಂದರು. ಹಾಕಿದೆವು. ನಿಜ ಹೇಳಬೇಕೆಂದರೆ ಮೊದಲ ಮೂರು ತಿಂಗಳ ಖರ್ಚನ್ನು ಆ ಹುರುಳಿಕಾಯಿಯೇ ಎತ್ತಿತು. ನಮ್ಮ ಜಾಗಕ್ಕೆ ಬೇಕಾಗಿದ್ದು ಸುಮಾರು 2200 ಸಸಿ. ಆ ಕಡೆಯಿಂದ ಈ ಕಡೆಗೆ ಎಣಿಸಿ ನೆಡಬಹುದಾದಷ್ಟು. ತಳಿ 86032, ಬೆಲ್ಲಕ್ಕೂ ಒಗ್ಗುತ್ತದೆ ಅಂತ.

ಈಗ ನೀರಿನ ಲೆಕ್ಕ. ಇದನ್ನು ಬರೆಯಲೇ ಇಷ್ಟು ಪೀಠಿಕೆ.

ಕಬ್ಬಿಗೆ ಹಾಕಿದಾಗಿನಿಂದ ಕಡಿಯುವವರೆಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು ಅಂತ ಎಲ್ಲ ಕೃಷಿ ಪುಸ್ತಕದಲ್ಲೂ ಇದೆ. ನಮ್ಮ ಕಡೆ ವರ್ಷಕ್ಕೆ ಮಳೆ 700ರ ಆಸುಪಾಸು. ಅದರಲ್ಲಿ ಅರ್ಧ ಹರಿದು ಹೋಗುತ್ತದೆ, ಬೇಡದ ಹೊತ್ತಲ್ಲಿ ಬರುತ್ತದೆ. 2000 ಅಂತ ಹಿಡಿದರೆ ಮಿಕ್ಕ ಸುಮಾರು 1600 ಮಿಲಿಮೀಟರನ್ನು ಬೋರ್‌ವೆಲ್ಲೇ ಕೊಡಬೇಕು. ಅರ್ಧ ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದರೆ ಎರಡು ಸಾವಿರ ಲೀಟರ್ ಆಗುತ್ತದೆ. ಅಂದರೆ 32 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 530ಕ್ಕೂ ಜಾಸ್ತಿ ಟ್ಯಾಂಕರ್. ಬೇಸಿಗೆಯಲ್ಲಿ ಕುಡಿಯಲು ಟ್ಯಾಂಕರ್ ಬರುವ ಊರು ನಮ್ಮದು. ಇಷ್ಟು ಸುರಿದು ಎರಡು ಟನ್ ಬೆಲ್ಲ ಬಂದರೆ ಕೆಜಿ ಬೆಲ್ಲಕ್ಕೆ 1600 ಲೀಟರ್ ಪಾತಾಳದ ನೀರು. ಈ ಲೆಕ್ಕ ಹಾಕಿದ ರಾತ್ರಿ ನಾನು ಚಿಕ್ಕಪ್ಪನಿಗೆ ಬೇಡ ಬಿಡಿ ಅಂದೆ. ಅವರು, "ನೀನು ಬೆಂಗಳೂರಲ್ಲಿ ಕಾರು ತೊಳಿಯೋದು ನಿಲ್ಸು, ಆಮೇಲೆ ಹೇಳು" ಅಂದರು.

ಕೊನೆಗೆ ಒಪ್ಪಂದ ಆಯಿತು. ಡ್ರಿಪ್ ಇಲ್ಲದೆ ಒಂದು ಸಸಿಯನ್ನೂ ನೆಡಬಾರದು, ಪೈಪಿಗೆ ನೀರಿನ ಮೀಟರ್ ಹಾಕಬೇಕು. ಮೀಟರ್ ನೋಡಿ ಊರವರು ನಕ್ಕಿದ್ದೇ ನಕ್ಕಿದ್ದು. ಹತ್ತು ಎಚ್‌ಪಿವರೆಗೆ ಪಂಪಿನ ಕರೆಂಟಿಗೇ ಬಿಲ್ ಇಲ್ಲ, ನೀರಿಗೆ ಮೀಟರ್ ಅಂತೆ! ಡ್ರಿಪ್ ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಬೋರ್ ನೀರಿನ ಉಪ್ಪು ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತದೆ, ಆಸಿಡ್ ಬಿಟ್ಟು ತೊಳೆಯಬೇಕು. ಅಳಿಲು ಪೈಪ್ ಕಡಿಯುತ್ತದೆ. ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚದಿದ್ದರೆ ಕೊನೆಯ ಸಾಲಿಗೆ ನೀರೇ ಹೋಗುವುದಿಲ್ಲ. ಇದೆಲ್ಲ ಮಾಡಿ ಹನ್ನೆರಡು ತಿಂಗಳಿಗೆ ಮೀಟರ್ ತೋರಿಸಿದ್ದು 18 ಲಕ್ಷ ಲೀಟರ್. ಕಬ್ಬು 21 ಟನ್, ಬೆಲ್ಲ ಎರಡು ಟನ್ ಮೇಲೆ ಒಂದು ಕ್ವಿಂಟಲ್. ಕೆಜಿಗೆ 850 ಲೀಟರ್ ಚಿಲ್ಲರೆ. ಹತ್ತಿರ ಹತ್ತಿರ ಅರ್ಧ.

ಒಳ್ಳೆಯದೇ ಆಯಿತಲ್ಲ ಅನ್ನುತ್ತೀರಿ. ನನಗೂ ಹಾಗೇ ಅನ್ನಿಸಿತ್ತು. ಆದರೆ ಪಕ್ಕದ ಹೊಲದವರನ್ನು ನೋಡಿ. ಅವರೂ ದ್ರಾಕ್ಷಿಗೆ ಡ್ರಿಪ್ ಹಾಕಿಸಿದ್ದಾರೆ, ನೀರು ಉಳಿಯಿತು. ಉಳಿದ ನೀರಿಗೆ ಇನ್ನೊಂದು ಎಕರೆ ಹೂಕೋಸು ಹಾಕಿದರು. ಪಂಪು ಮೊದಲು ಎಷ್ಟು ಹೊತ್ತು ಓಡುತ್ತಿತ್ತೋ ಈಗಲೂ ಅಷ್ಟೇ ಹೊತ್ತು ಓಡುತ್ತದೆ. ಅಂತರ್ಜಲಕ್ಕೆ ಒಂದು ಲೋಟ ನೀರೂ ಉಳಿಯಲಿಲ್ಲ. ಅವರ ತಪ್ಪು ಅಂತ ನಾನು ಹೇಳುತ್ತಿಲ್ಲ, ಸಾಲ ಇರುವವನು ಉಳಿದ ನೀರನ್ನು ಭೂಮಿಗೆ ದಾನ ಮಾಡುತ್ತಾನಾ? ಈ ನೂರು ವರ್ಷ ಕಬ್ಬಿನ ವಿಜ್ಞಾನ ಬಹುಪಾಲು ಕೇಳಿದ್ದು ಎಕರೆಗೆ ಎಷ್ಟು ಟನ್ ಅಂತ. ಕಾವೇರಿ ಕಾಲುವೆ ಪಕ್ಕ ಆ ಪ್ರಶ್ನೆ ಸರಿ. ಸಾವಿರ ಅಡಿ ಬೋರಿನ ಪಕ್ಕ ಕೂತವರು ಲೀಟರಿಗೆ ಎಷ್ಟು ಗ್ರಾಂ ಬೆಲ್ಲ ಅಂತ ಕೇಳಬೇಕು, ಜೊತೆಗೆ ಒಟ್ಟು ಎಷ್ಟು ಲೀಟರ್ ಎತ್ತಬಹುದು ಅಂತಲೂ ಕೇಳಬೇಕು. ಎರಡನೆಯದಕ್ಕೆ ಯಾವ ತಳಿಯೂ ಉತ್ತರ ಕೊಡುವುದಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ ಕೋಲಾರದ ಕೆರೆಗಳಿಗೆ 2018ರಿಂದ ಬಿಡುತ್ತಿದ್ದಾರೆ, ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯಿಂದ ನಮ್ಮ ಜಿಲ್ಲೆಯ ಕೆರೆಗಳಿಗೂ ಬಂದಿದೆ. ಅದನ್ನು ನೋಡಿ ಕೆಲವರು "ಇನ್ನೇನು, ಮತ್ತೆ ಕಬ್ಬು ಹಾಕಬಹುದು" ಅನ್ನುವುದನ್ನು ಕೇಳಿದ್ದೇನೆ. ಕೆರೆಯಲ್ಲಿ ಇಂಗಲಿ ಅಂತ ತಂದ ನೀರು ಅದು. ಅದಕ್ಕೂ ಪಂಪು ಇಟ್ಟರೆ ಮುಗಿಯಿತು ಕತೆ.

ಬೈಕಿಗೆ ಹಾಕಿಸುವ ಪೆಟ್ರೋಲಿನಲ್ಲಿ ಈಗ ಐದರಲ್ಲಿ ಒಂದು ಪಾಲು ಎಥನಾಲ್. ಅದರಲ್ಲಿ ಒಂದಷ್ಟು ಕಬ್ಬಿನದು. ಇಂಧನ ಉಳಿಸಿದ ಲೆಕ್ಕ ಹೇಳುವವರು ನೀರಿನ ಲೆಕ್ಕವನ್ನೂ ಪಕ್ಕದಲ್ಲೇ ಬರೆದರೆ ಚೆನ್ನಾಗಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಶೋಧನೆ ಹುಳುಗಳದ್ದು. 2002ರಲ್ಲಿ ಮಹಾರಾಷ್ಟ್ರದಲ್ಲಿ ಶುರುವಾಗಿ ನಮ್ಮ ಉತ್ತರ ಕರ್ನಾಟಕಕ್ಕೆ ಬಿಳಿ ಉಣ್ಣೆ ಹೇನು ನುಗ್ಗಿತು. ಎಲೆಯ ಅಡಿಯಲ್ಲಿ ಹತ್ತಿ ಮೆತ್ತಿದ ಹಾಗೆ, ಅದರ ಜಿಗುಟು ಬಿದ್ದು ಕೆಳಗಿನ ಎಲೆಯೆಲ್ಲ ಕಪ್ಪು. ಎರಡಾಳು ಎತ್ತರದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದು ಹೇಗೆ? ಆಗ ಕೈಹಿಡಿದಿದ್ದು ಆ ಹೇನನ್ನೇ ತಿಂದು ಬದುಕುವ ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ಕೀಟ, ಈಶಾನ್ಯದಿಂದ ತಂದು ಬಿಟ್ಟ ಎನ್‌ಕಾರ್ಸಿಯಾ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮೈಕ್ರೋಮಸ್ ಸಾಕಿ ರೈತರಿಗೆ ಕೊಟ್ಟರು. ಇಂಥ ಉಪಕಾರಿ ಕೀಟಗಳ ಕೇಂದ್ರ ಸಂಸ್ಥೆ ಇರುವುದು ಹೆಬ್ಬಾಳದಲ್ಲಿ, ಬಳ್ಳಾರಿ ರಸ್ತೆ ಮೇಲೆ. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ, ಆ ಗೇಟಿನ ಒಳಗೆ ಕಣಜ ಸಾಕುತ್ತಾರೆ ಅಂತ ಗೊತ್ತಿರಲಿಲ್ಲ. ನಮ್ಮ ಹೊಲದಲ್ಲಿ ಸುಳಿ ಕೊರಕ ಕಂಡಾಗ ನಾವೂ ಟ್ರೈಕೋ ಕಾರ್ಡ್ ತಂದು ಎಲೆಗೆ ಪಿನ್ ಹೊಡೆದೆವು. ಕಾರ್ಡಿನ ಮೇಲೆ ಅಂಟಿಸಿದ ಮೊಟ್ಟೆಗಳಿಂದ ಕಣಜ ಹೊರಬಂದು ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಚಿಕ್ಕಮ್ಮ ನೋಡಿ, "ಮದುವೆ ಕಾರ್ಡ್ ಹಂಚಿದಂಗೈತೆ" ಅಂದರು.

ಇನ್ನೊಂದು ಸ್ವಾರಸ್ಯ. ಬಿಸಿಲನ್ನು ಸಿಹಿ ಮಾಡುವುದರಲ್ಲಿ ಕಬ್ಬಿಗೆ ಭತ್ತ ಗೋಧಿಗಿಂತ ಬೇರೆ ದಾರಿ ಇದೆ, ಸಿ4 ಅನ್ನುತ್ತಾರೆ. ಹವಾಯಿಯಲ್ಲಿ ಕಬ್ಬಿನ ಎಲೆ ಮೇಲೆ ಕೆಲಸ ಮಾಡುತ್ತಿದ್ದವರ ಕಣ್ಣಿಗೆ ಅದು ಮೊದಲು ಬಿತ್ತು, 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಬಿಡಿಸಿ ತೋರಿಸಿದರು. ಅದೇ ದಾರಿ ಹಿಡಿದ ಇನ್ನೊಂದು ಗಿಡ ನಮ್ಮ ರಾಗಿ! ಹುಲ್ಲಿನ ಜಾತಿಯೇ, ಉಪಾಯವೂ ಒಂದೇ. ಒಂದು ವರ್ಷವಿಡೀ ಕುಡಿಯುತ್ತದೆ, ಇನ್ನೊಂದು ನಾಲ್ಕು ತಿಂಗಳಲ್ಲಿ ಮಳೆ ನೀರಿನಲ್ಲೇ ಮುಗಿಸಿಕೊಂಡು ಕಣಕ್ಕೆ ಬರುತ್ತದೆ. ಗೌರಿಬಿದನೂರಿನಲ್ಲಿ ಯಾವುದು ಉಳಿಯಿತು ಅಂತ ನೀವೇ ನೋಡಿ.

ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವುದು ಎಲ್ಲ ಕಡೆ ರೂಢಿ. ಚಿಕ್ಕಪ್ಪ ಬೆಂಕಿಪೊಟ್ಟಣ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದರು. ಹಾವು ಸೇರುತ್ತದೆ, ಕೂಳೆ (ಕಡಿದ ಬುಡದಿಂದ ಮತ್ತೆ ಬರುವ ಬೆಳೆ) ಸರಿಯಾಗಿ ಒಡೆಯುವುದಿಲ್ಲ, ಇಲಿ ಬರುತ್ತದೆ ಅಂತ ಮೂರು ಕಾರಣ. ಹಾವಿನ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಜಗಳ ಆಡಿ, ಬುಡಗಳನ್ನು ನೆಲಮಟ್ಟಕ್ಕೆ ಸವರಿ, ತರಗನ್ನು ಸಾಲುಗಳ ನಡುವೆ ಎಳೆದು ಹಾಕಿಸಿದೆ. ನೆಲಕ್ಕೆ ನೆರಳು, ಕಳೆ ಕಮ್ಮಿ, ಕೊಳೆತರೆ ಗೊಬ್ಬರ. ಎರಡು ಸಾಲು ಮಾತ್ರ ಅವರ ಹಟಕ್ಕೆ ಸುಟ್ಟೆವು, ನೋಡೋಣ ಅಂತ. ಗಾಣ ನಮ್ಮೂರಲ್ಲಿ ಉಳಿದಿಲ್ಲ, ಟ್ರ್ಯಾಕ್ಟರಿನಲ್ಲಿ ಹಿಂದೂಪುರದ ಕಡೆಗೆ ಕಬ್ಬು ಹೊತ್ತುಕೊಂಡು ಹೋಗಿ ಅರೆಸಿಕೊಂಡು ಬಂದೆವು. ಬಾಡಿಗೆ ಬೆಲ್ಲದ ಲಾಭದಲ್ಲಿ ದೊಡ್ಡ ತುಂಡು ತಿಂದಿತು, ಆ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಚಿಕ್ಕಪ್ಪ ಇದನ್ನು ಓದುತ್ತಾರೆ.

ಈಗ ಕೂಳೆ ಮೊಣಕಾಲುದ್ದ ಬಂದಿದೆ. ಜೂನ್ ಮಳೆ ಕೈಕೊಟ್ಟರೆ ಕಿತ್ತು ರಾಗಿ ಹಾಕುವುದು ಅಂತ ಮಾತಾಗಿದೆ. ನಿನ್ನೆ ರಾತ್ರಿ ಚಿಕ್ಕಪ್ಪ ಫೋನ್ ಮಾಡಿದ್ದರು. ಹಲೋ ಅನ್ನುವ ಮೊದಲೇ, "ಮೀಟರ್ ಬರ್ಕೋ, ಹದಿನೈದು ದಿನಕ್ಕೆ ಒಂದು ಲಕ್ಷದ ಹತ್ತು ಸಾವಿರ ಲೀಟರ್" ಅಂದರು. ಸುಟ್ಟ ಎರಡು ಸಾಲು ಹೇಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಧ್ಯಾಹ್ನ ಆದರೆ ಎಲೆ ಸುರುಟಿಕೊಳ್ಳುತ್ತೆ ಕಣೋ, ಮಿಕ್ಕಿದ್ದು ಹಾಗೇ ನಿಂತಿರುತ್ತೆ ಅಂದರು.